ಏಜೆಂಟ್ ಕೇಳುವ ಎರಡು ಪರ್ಸೆಂಟ್: ಪ್ರವಾಸದ ಹಣವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ಸಿಗುವ ರಕ್ಷಣೆ ಎಷ್ಟು?

ಮೈಸೂರಿನ ಸರಸ್ವತಿಪುರಂನಲ್ಲೋ ಮಂಡ್ಯದ ವಿ.ವಿ. ರಸ್ತೆಯಲ್ಲೋ ಇರುವ ಟ್ರಾವೆಲ್ಸ್ ಕಚೇರಿಯಲ್ಲಿ ಪ್ಯಾಕೇಜಿನ ಮಾತೆಲ್ಲ ಮುಗಿದು, ಹಣ ಕೊಡುವ ಹೊತ್ತಿಗೆ ಜೇಬಿನಿಂದ ಕ್ರೆಡಿಟ್ ಕಾರ್ಡ್ ತೆಗೆದರೆ, ಮೇಜಿನ ಆಚೆಯಿಂದ ಸಾಮಾನ್ಯವಾಗಿ ಬರುವ ಮಾತು ಒಂದೇ: “ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸರ್, ಫೋನ್‌ಪೇ ಮಾಡ್ಬಿಡಿ.” 1,80,000 ರೂಪಾಯಿಯ ಪ್ಯಾಕೇಜಿಗೆ ಎರಡು ಪರ್ಸೆಂಟ್ ಎಂದರೆ 3,600 ರೂಪಾಯಿ. ಅಷ್ಟು ಹಣದಲ್ಲಿ ಮನೆಗೆ ಬೇಕಾದದ್ದು ಇನ್ನೇನಾದರೂ ಬರುತ್ತದೆ ಎಂದು ಲೆಕ್ಕ ಹಾಕಿ ಹೆಚ್ಚಿನವರು ಕಾರ್ಡನ್ನು ಮತ್ತೆ ಜೇಬಿಗೆ ಸೇರಿಸುತ್ತಾರೆ. ಆ 3,600 ರೂಪಾಯಿ ಕೊಟ್ಟಿದ್ದರೆ ಏನು ಸಿಗುತ್ತಿತ್ತು, ಏನು ಸಿಗುತ್ತಿರಲಿಲ್ಲ ಎಂಬುದೇ ಈ ಲೇಖನದ ವಿಷಯ. ಕಾರ್ಡಿನ ರಕ್ಷಣೆ ನಿಜವಾದದ್ದೇ. ಆದರೆ ಅದು ಜನ ತಿಳಿದುಕೊಂಡಿರುವ ಬಗೆಯದಲ್ಲ, ಮತ್ತು ಸ್ವೈಪ್ ಮಾಡಿದ ಯಂತ್ರ ಯಾರದು, ಬಿಲ್ಲಿನಲ್ಲಿ ಏನು ಬರೆದಿದೆ, ದೂರು ಯಾವ ದಿನ ಕೊಟ್ಟಿರಿ ಎಂಬ ಮೂರು ಸಣ್ಣ ಸಂಗತಿಗಳನ್ನು ಅದು ನೆಚ್ಚಿಕೊಂಡಿದೆ.

ಬೇರೆ ಖರೀದಿಗೂ ಪ್ಯಾಕೇಜ್ ಪ್ರವಾಸಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ಅಂಗಡಿಯಲ್ಲಿ ಫ್ರಿಜ್ ಕೊಂಡರೆ ಹಣ ಕೊಟ್ಟ ದಿನವೋ ಮರುದಿನವೋ ವಸ್ತು ಮನೆಗೆ ಬರುತ್ತದೆ. ಪ್ರವಾಸದಲ್ಲಿ ಹಾಗಲ್ಲ, ಏಪ್ರಿಲ್ ರಜೆಯ ಪ್ರವಾಸಕ್ಕೆ ಜನವರಿಯಲ್ಲೇ ಮುಂಗಡ, ಮಾರ್ಚ್ ಒಳಗೆ ಪೂರ್ತಿ ಹಣ. ಆ ಹಣವೂ ನೀವು ಕೊಟ್ಟವರ ಬಳಿಯೇ ನಿಲ್ಲುವುದಿಲ್ಲ. ಮೈಸೂರಿನ ಏಜೆಂಟ್ ಅದನ್ನು ಬೆಂಗಳೂರಿನ ಅಥವಾ ಮುಂಬಯಿಯ ದೊಡ್ಡ ಟೂರ್ ಕಂಪನಿಗೆ ಕಳುಹಿಸುತ್ತಾನೆ. ಅದು ವಿಮಾನ ಸಂಸ್ಥೆಗೂ, ಹೊರದೇಶದಲ್ಲಿ ಬಸ್ಸು ಹೋಟೆಲು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಗೂ ಹಂಚಿಕೆಯಾಗುತ್ತದೆ. ಈ ಸರಪಳಿಯ ಯಾವುದೇ ಒಂದು ಕೊಂಡಿ ಕಳಚಿದರೂ ನಷ್ಟ ಕೊನೆಗೆ ಮುಂಗಡ ಕೊಟ್ಟವರ ಮೇಲೆ ಬಂದು ಬೀಳುತ್ತದೆ. 2023ರ ಮೇ 3ರಿಂದ ಗೋ ಫಸ್ಟ್ ವಿಮಾನಗಳು ಹಾರಾಟ ನಿಲ್ಲಿಸಿದಾಗ, ಮುಂದಿನ ದಿನಗಳಿಗೆ ಟಿಕೆಟ್ ಕೊಂಡಿದ್ದವರು ರಾತ್ರೋರಾತ್ರಿ ಪ್ರಯಾಣಿಕರ ಬದಲು, ಕಂಪನಿ ಹಣ ಕೊಡಬೇಕಾದ ಸಾಲಿಗರಾದರು. ದಿವಾಳಿ ಪ್ರಕ್ರಿಯೆ ಎಳೆದುಕೊಂಡು ಹೋಗಿ 2025ರ ಜನವರಿಯಲ್ಲಿ ಕಂಪನಿಯ ಸಮಾಪನಕ್ಕೆ ಆದೇಶವಾಯಿತು. ದಿವಾಳಿ ಕಾನೂನಿನಡಿ ಉಳಿದ ಆಸ್ತಿಯ ಹಂಚಿಕೆಯಲ್ಲಿ ಮುಂಗಡ ಕೊಟ್ಟ ಗ್ರಾಹಕನ ಸರದಿ ಬ್ಯಾಂಕುಗಳಿಗಿಂತಲೂ ನೌಕರರಿಗಿಂತಲೂ ಬಹಳ ಹಿಂದೆ ಬರುತ್ತದೆ. ನಮ್ಮ ಊರಿನ ಸಣ್ಣ ಏಜೆಂಟರಿಗಂತೂ ಆ ಕಾನೂನಿನ ಪ್ರಸಂಗವೇ ಬರುವುದು ಅಪರೂಪ. ಒಂದು ಬೆಳಗ್ಗೆ ಷಟರ್ ಏಳುವುದಿಲ್ಲ, ಫೋನ್ ಸ್ವಿಚ್ ಆಫ್ ಆಗಿರುತ್ತದೆ, ಅಷ್ಟೆ. ನಮ್ಮ ಚಿಕ್ಕಮ್ಮನೂ ಅವರ ಬೀದಿಯ ಕೆಲವರೂ ಕಬ್ಬಿನ ಬಿಲ್ಲು ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ನಗದು ಕಟ್ಟಿ ಚಾರ್‌ಧಾಮ್‌ಗೆ ಹೊರಡಬೇಕೆಂದಿದ್ದ ವರ್ಷ ಹೀಗೇ ಆಯಿತು. ಅವರ ಕೈಯಲ್ಲಿ ಉಳಿದದ್ದು ಮೊತ್ತವನ್ನೂ ಸರಿಯಾಗಿ ಬರೆಯದ ಒಂದಿಷ್ಟು ಚೀಟಿ.

ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ಬ್ಯಾಂಕೇ ಜವಾಬ್ದಾರಿ ಹೊರುತ್ತದೆ ಎಂಬ ನಂಬಿಕೆ ನಮ್ಮಲ್ಲಿಗೆ ಬಹುಮಟ್ಟಿಗೆ ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ ನೆಲೆಸಿರುವ ಮಗನೋ ಮಗಳೋ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿಯ ತಂದೆ ತಾಯಿ ಇಲ್ಲಿಗೂ ಅನ್ವಯಿಸಿಕೊಂಡುಬಿಡುತ್ತಾರೆ. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಮಿನ ಪ್ರಕಾರ, ನಗದು ಬೆಲೆ 100 ಪೌಂಡಿಗಿಂತ ಹೆಚ್ಚಿದ್ದು 30,000 ಪೌಂಡ್ ಮೀರದ ವಸ್ತು ಅಥವಾ ಸೇವೆಯನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ, ಮಾರಿದವನು ಮಾತು ತಪ್ಪಿದಾಗ ಕಾರ್ಡ್ ಕೊಟ್ಟ ಸಂಸ್ಥೆಯೂ ಅವನಷ್ಟೇ ಹೊಣೆಯಾಗುತ್ತದೆ. ಮುಂಗಡವನ್ನಷ್ಟೇ ಕಾರ್ಡಿನಲ್ಲಿ ಕೊಟ್ಟು ಉಳಿದದ್ದನ್ನು ಬೇರೆ ದಾರಿಯಲ್ಲಿ ಕಟ್ಟಿದ್ದರೂ ಆ ಹೊಣೆ ಪೂರ್ತಿ ಮೊತ್ತಕ್ಕೆ ಅನ್ವಯಿಸುತ್ತದೆ. ಅದರ ಜೊತೆಗೆ, ವಿಮಾನ ಪ್ರಯಾಣ ಸೇರಿದ ಪ್ಯಾಕೇಜುಗಳಿಗೆ ಅಟಾಲ್ ಎಂಬ ಪರವಾನಗಿ ವ್ಯವಸ್ಥೆ ಅಲ್ಲಿ ಕಡ್ಡಾಯ. 2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ ಮುಚ್ಚಿದಾಗ ಹೊರದೇಶಗಳಲ್ಲಿದ್ದ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರನ್ನು ವಾಪಸು ಕರೆತರುವ ಏರ್ಪಾಡನ್ನು ಅಲ್ಲಿಯ ನಾಗರಿಕ ವಿಮಾನಯಾನ ಪ್ರಾಧಿಕಾರ ಮಾಡಿತು, ಪ್ಯಾಕೇಜ್ ಕೊಂಡಿದ್ದವರಿಗೆ ಅಟಾಲ್ ಮೂಲಕ ಹಣ ಮರಳಿತು. (ಆ ಸುದ್ದಿ ಬಂದ ದಿನ ಇಲ್ಲಿಯ ಅನೇಕರು ಗಾಬರಿಗೊಂಡಿದ್ದರು. ಆದರೆ ಭಾರತದ ಥಾಮಸ್ ಕುಕ್ 2012ರಿಂದ ಕೆನಡಾದ ಫೇರ್‌ಫ್ಯಾಕ್ಸ್ ಒಡೆತನದಲ್ಲಿರುವ ಬೇರೆಯೇ ಕಂಪನಿ. ಅದಕ್ಕೂ ಆ ಕುಸಿತಕ್ಕೂ ಸಂಬಂಧವಿರಲಿಲ್ಲ.)

ಭಾರತದಲ್ಲಿ 75ನೇ ಕಲಮಿನಂಥ ಕಾನೂನು ಇಲ್ಲ. ಟೂರ್ ಕಂಪನಿ ಮುಚ್ಚಿದರೆ ಗ್ರಾಹಕರಿಗೆ ಹಣ ಮರಳಿಸುವ ಅಟಾಲ್‌ನಂಥ ನಿಧಿಯೂ ಇಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಟೂರ್ ಆಪರೇಟರುಗಳಿಗೆ ಕೊಡುವ ಮಾನ್ಯತೆ ಐಚ್ಛಿಕವಾದದ್ದು. ಗೋಡೆಯ ಮೇಲೆ ಆ ಪ್ರಮಾಣಪತ್ರ ತೂಗುಹಾಕಿದ್ದರೆ ಒಳ್ಳೆಯ ಲಕ್ಷಣವೇ, ಆದರೆ ಅದು ನಿಮ್ಮ ಹಣಕ್ಕೆ ಜಾಮೀನಲ್ಲ. ಇಲ್ಲಿ ಕ್ರೆಡಿಟ್ ಕಾರ್ಡ್ ಕೊಡುವ ರಕ್ಷಣೆಯ ಹೆಸರು ಚಾರ್ಜ್‌ಬ್ಯಾಕ್. ಅದು ಸಂಸತ್ತು ಮಾಡಿದ ಕಾನೂನಲ್ಲ. ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮುಂತಾದ ಕಾರ್ಡ್ ಜಾಲಗಳು ತಮ್ಮ ಸದಸ್ಯ ಬ್ಯಾಂಕುಗಳ ನಡುವೆ ಮಾಡಿಕೊಂಡಿರುವ ಒಳನಿಯಮ.

ಇದು ಕೆಲಸ ಮಾಡುವ ಬಗೆ ತಿಳಿದರೆ ಅದರ ಬಲವೂ ಮಿತಿಯೂ ತಾವಾಗಿ ತಿಳಿಯುತ್ತವೆ. ಒಂದು ಸ್ವೈಪಿನ ಹಿಂದೆ ಎರಡು ಬ್ಯಾಂಕುಗಳಿರುತ್ತವೆ: ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕ್ ಒಂದು, ಏಜೆಂಟಿಗೆ ಸ್ವೈಪ್ ಯಂತ್ರವನ್ನೋ ಆನ್‌ಲೈನ್ ಪಾವತಿ ವ್ಯವಸ್ಥೆಯನ್ನೋ ಕೊಟ್ಟ ಬ್ಯಾಂಕ್ ಇನ್ನೊಂದು. ಹೇಳಿದ ಸೇವೆ ಸಿಗಲಿಲ್ಲವೆಂದು ನೀವು ನಿಮ್ಮ ಬ್ಯಾಂಕಿಗೆ ತಕರಾರು ಕೊಟ್ಟಾಗ, ಅದು ಸರಿಯೆಂದು ಕಂಡರೆ, ನಿಮ್ಮ ಬ್ಯಾಂಕ್ ಜಾಲದ ಮೂಲಕ ಆ ಮೊತ್ತವನ್ನು ಯಂತ್ರ ಕೊಟ್ಟ ಬ್ಯಾಂಕಿನಿಂದ ಹಿಂದಕ್ಕೆ ಎಳೆಯುತ್ತದೆ. ಆ ಬ್ಯಾಂಕ್ ಅದನ್ನು ಏಜೆಂಟನ ಖಾತೆಯಿಂದ ವಸೂಲು ಮಾಡಿಕೊಳ್ಳುತ್ತದೆ. ಏಜೆಂಟ್ ಪರಾರಿಯಾಗಿದ್ದರೆ ಅಥವಾ ದಿವಾಳಿಯಾಗಿದ್ದರೆ, ಜಾಲದ ನಿಯಮದ ಪ್ರಕಾರ ಆ ನಷ್ಟವನ್ನು ಹೊರಬೇಕಾದದ್ದು ಯಂತ್ರ ಕೊಟ್ಟ ಬ್ಯಾಂಕ್. ಇದೇ ಈ ವ್ಯವಸ್ಥೆಯ ಮರ್ಮ. ಊರಿನಲ್ಲಿ ಒಬ್ಬರಿಗೆ ಸಾಲ ಕೊಡಿಸುವಾಗ ನಡುವೆ ನಿಂತು ಜಾಮೀನು ಹಾಕುವವರಿರುತ್ತಾರಲ್ಲ, ಸ್ವೈಪ್ ಯಂತ್ರ ಕೊಟ್ಟ ಬ್ಯಾಂಕ್ ತನಗರಿವಿದ್ದೋ ಇಲ್ಲದೆಯೋ ಆ ಜಾಗದಲ್ಲಿ ನಿಂತಿರುತ್ತದೆ. ಆದ್ದರಿಂದಲೇ ತಿಂಗಳುಗಟ್ಟಲೆ ಮೊದಲು ಹಣ ಪಡೆಯುವ ಪ್ರವಾಸ ವ್ಯಾಪಾರವನ್ನು ಬ್ಯಾಂಕುಗಳು ಅಪಾಯದ ವ್ಯಾಪಾರವೆಂದು ಎಣಿಸುತ್ತವೆ, ಕೆಲವೊಮ್ಮೆ ಠೇವಣಿ ಕೇಳುತ್ತವೆ ಅಥವಾ ಸ್ವೈಪಾದ ಹಣದ ಒಂದು ಪಾಲನ್ನು ಕೆಲವು ದಿನ ತಡೆಹಿಡಿಯುತ್ತವೆ. ಏಜೆಂಟಿಗೆ ಕಾರ್ಡಿನ ಮೇಲೆ ಇರುವ ಬೇಸರಕ್ಕೆ ಎರಡು ಪರ್ಸೆಂಟ್ ಮಾತ್ರವೇ ಕಾರಣವಲ್ಲ. ನಗದು ಬಂದರೆ ಬಂತು. ಕಾರ್ಡಿನ ಹಣ ಹಿಂದಕ್ಕೆ ಹೋಗಬಹುದು.

ಯುಪಿಐ ಮೂಲಕ ಏಜೆಂಟನ ಸ್ವಂತ ಮೊಬೈಲ್ ನಂಬರಿಗೆ ಹಣ ಹಾಕಿದರೆ ಈ ಜಾಮೀನುದಾರ ನಡುವೆ ಇರುವುದೇ ಇಲ್ಲ. ಅದು ಇಬ್ಬರು ವ್ಯಕ್ತಿಗಳ ನಡುವಿನ ಕೊಡುಕೊಳ್ಳುವಿಕೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ 2022ರಿಂದ ಇದೆ, ಆದರೆ ಅದು ವ್ಯಾಪಾರಿಗಳ ಕ್ಯೂಆರ್‌ಗೆ ಮಾತ್ರ ನಡೆಯುತ್ತದೆ, ವ್ಯಕ್ತಿಗಳ ಖಾತೆಗೆ ನಡೆಯುವುದಿಲ್ಲ. ಆದ್ದರಿಂದ ಮೇಜಿನ ಮೇಲಿನ ಕ್ಯೂಆರ್ ನಿಮ್ಮ ರುಪೇ ಕ್ರೆಡಿಟ್ ಕಾರ್ಡನ್ನು ಒಪ್ಪದಿದ್ದರೆ, ಅದು ಏಜೆಂಟನ ಸ್ವಂತ ಉಳಿತಾಯ ಖಾತೆಯದಿರಬಹುದೇ ಎಂದು ಕೇಳಿ ತಿಳಿಯುವುದು ತಪ್ಪಲ್ಲ. ನಗದಿನ ವಿಷಯದಲ್ಲಿ ಒಂದೇ ಮಾತು: ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್‌ನಿಂದ ನಿಷೇಧಿಸಿದೆ. ದೊಡ್ಡ ಕುಟುಂಬದ ಪ್ಯಾಕೇಜಿಗೆ ಪೂರ್ತಿ ನಗದನ್ನೇ ಕೇಳುವ ಏಜೆಂಟ್ ತನ್ನ ಬಗ್ಗೆ ತಾನೇ ಏನನ್ನೋ ಹೇಳುತ್ತಿದ್ದಾನೆ.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಂಡ್ಯದ ನಿವೃತ್ತ ಶಿಕ್ಷಕ ದಂಪತಿ ಏಪ್ರಿಲ್ 20ಕ್ಕೆ ಹೊರಡುವ ಸಿಂಗಪುರ, ಮಲೇಷ್ಯಾ ಪ್ರವಾಸಕ್ಕೆ ಮೈಸೂರಿನ ಏಜೆಂಟೊಬ್ಬರ ಬಳಿ ಜನವರಿ 10ರಂದು 1,80,000 ರೂಪಾಯಿ ಕಟ್ಟುತ್ತಾರೆ: 40,000 ಯುಪಿಐ, 1,40,000 ಕ್ರೆಡಿಟ್ ಕಾರ್ಡ್. ಏಪ್ರಿಲ್ ಮೊದಲ ವಾರ ಕಚೇರಿ ಮುಚ್ಚುತ್ತದೆ, ಟಿಕೆಟ್ ಬಂದಿಲ್ಲ. ಈ ದಂಪತಿ ಚಾರ್ಜ್‌ಬ್ಯಾಕ್ ಕೇಳಬಹುದಾದದ್ದು 1,40,000 ರೂಪಾಯಿಗೆ ಮಾತ್ರ. ಬ್ರಿಟನ್ನಿನ ಕಾನೂನಿನಲ್ಲಿ ಕಾರ್ಡಿನಿಂದ ಕೊಟ್ಟ ಒಂದು ಭಾಗ ಇಡೀ ಒಪ್ಪಂದವನ್ನು ಕಾಯುತ್ತದೆ. ಇಲ್ಲಿ ಕಾರ್ಡಿನ ಮೇಲೆ ಹೋದದ್ದಕ್ಕಷ್ಟೇ ಕಾವಲು. ಮುಂಗಡವನ್ನು ಕಾರ್ಡಿನಲ್ಲಿ ಕೊಟ್ಟು ಉಳಿದದ್ದನ್ನು ನಗದಿನಲ್ಲಿ ಕಟ್ಟುವ ಜಾಣತನ ನಮ್ಮಲ್ಲಿ ನಡೆಯುವುದಿಲ್ಲ.

ಇನ್ನು ಗಡುವು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ, ಸೇವೆ ಸಿಗದ ತಕರಾರಿಗೆ ಸಾಮಾನ್ಯವಾಗಿ 120 ದಿನಗಳ ಕಾಲಾವಕಾಶವಿದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಬ್ಯಾಂಕಿನ ಗ್ರಾಹಕ ಸೇವೆಯವರೂ ಕೆಲವೊಮ್ಮೆ ಎಡವುತ್ತಾರೆ. ಜನವರಿ 10ರಿಂದ ಎಣಿಸಿದರೆ 120 ದಿನ ಮುಗಿಯುವುದು ಮೇ 10ಕ್ಕೆ. ಆದರೆ ಮುಂದೆಂದೋ ಸಿಗಬೇಕಾದ ಸೇವೆಗೆ ಹಣ ಕೊಟ್ಟಿದ್ದಾಗ, ಎಣಿಕೆ ಶುರುವಾಗಬೇಕಾದದ್ದು ಸೇವೆ ಸಿಗಬೇಕಿದ್ದ ದಿನದಿಂದ. ಏಪ್ರಿಲ್ 20ರಿಂದ ಎಣಿಸಿದರೆ ಅದು ಆಗಸ್ಟ್ 18ರವರೆಗೆ ಹೋಗುತ್ತದೆ. ಹಣ ಕಟ್ಟಿದ ದಿನದಿಂದ 540 ದಿನ ಎಂಬುದು ಒಟ್ಟಾರೆ ಹೊರಮಿತಿ. ರುಪೇಗೆ ಅದರದೇ ಗಡುವುಗಳಿವೆ. ಇದೆಲ್ಲದರ ನಡುವೆ, ಕೆಲವು ಬ್ಯಾಂಕುಗಳು ತಮ್ಮ ಕಾರ್ಡ್ ಒಪ್ಪಂದದಲ್ಲಿ ಸ್ಟೇಟ್‌ಮೆಂಟ್ ಬಂದ 30 ಅಥವಾ 60 ದಿನಗಳೊಳಗೆ ತಕರಾರು ತಿಳಿಸಬೇಕೆಂದು ಬರೆದುಕೊಂಡಿರುತ್ತವೆ. ಆದ್ದರಿಂದ ಹೊರಗಿನ ಗಡುವನ್ನು ನೆಚ್ಚಿಕೊಂಡು ಕೂರದೆ, ಸೇವೆ ಸಿಗುವುದಿಲ್ಲವೆಂದು ತಿಳಿದ ವಾರದಲ್ಲೇ ಬರಹದಲ್ಲಿ ದೂರು ಕೊಡಬೇಕು. ಏಜೆಂಟ್ “ಇನ್ನೊಂದು ತಿಂಗಳು ತಡ್ಕೊಳ್ಳಿ, ಸೆಟ್ಲ್ ಮಾಡ್ತೀನಿ” ಎನ್ನುತ್ತಿದ್ದರೆ, ಆ ತಿಂಗಳು ಓಡುತ್ತಿರುವುದು ನಿಮ್ಮ ಗಡುವಿನಲ್ಲಿ.

ದೂರು ಕೊಡುವಾಗ ಕಾರಣವನ್ನು ಸರಿಯಾಗಿ ಆರಿಸಬೇಕು. ಬೇಗ ಕೆಲಸವಾಗಲೆಂದು ಅನೇಕರು “ಈ ವ್ಯವಹಾರ ನಾನು ಮಾಡಿಲ್ಲ” ಎಂಬ ಆಯ್ಕೆಯನ್ನು ಒತ್ತುತ್ತಾರೆ. ಅದು ಸುಳ್ಳು ಹೇಳಿಕೆಯಾಗುತ್ತದೆ, ಜೊತೆಗೆ ಸೋಲುವ ದಾರಿ. ಒಟಿಪಿ ಹಾಕಿದ ದಾಖಲೆ ಬ್ಯಾಂಕಿನಲ್ಲೇ ಇರುತ್ತದೆ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಯಾವ ಹೊಣೆಯೂ ಇಲ್ಲವೆನ್ನುವ ಪ್ರಸಿದ್ಧ ಸುತ್ತೋಲೆ, ಗ್ರಾಹಕನ ಅನುಮತಿಯೇ ಇಲ್ಲದೆ ನಡೆದ ವ್ಯವಹಾರಕ್ಕೆ ಸಂಬಂಧಿಸಿದ್ದು. ಒಪ್ಪಿ ಕಟ್ಟಿ ಮೋಸಹೋದವರಿಗೆ ಅದು ಒದಗುವುದಿಲ್ಲ. ಹೆಸರಾಂತ ಕಂಪನಿಯ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮಾಡಿ ವಂಚಿಸಿದ್ದರೆ ಬ್ಯಾಂಕಿಗೆ ತಿಳಿಸಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲು ತಡೆಯಲು ಅಲ್ಲಿ ಅವಕಾಶವಿದೆ. ಏಜೆಂಟ್ ಅಸಲಿಯಾಗಿದ್ದು ಸೇವೆ ಕೊಡದಿದ್ದರೆ, ತಕರಾರಿನ ಕಾರಣ “ಹಣ ಕೊಟ್ಟ ಸೇವೆ ಸಿಗಲಿಲ್ಲ” ಎಂಬುದೇ ಆಗಿರಬೇಕು.

ಸೇವೆ ಸಿಕ್ಕಿತು ಆದರೆ ಹೇಳಿದಂತಿರಲಿಲ್ಲ ಎಂಬುದು ಇನ್ನೂ ಕಷ್ಟದ ಜಾಗ. ನಾಲ್ಕು ನಕ್ಷತ್ರದ ಹೋಟೆಲ್ ಎಂದು ಹೇಳಿ ಊರಾಚೆಯ ಲಾಡ್ಜಿನಲ್ಲಿ ಇಳಿಸಿದರೆ ತಕರಾರು ತೆಗೆಯಬಹುದು. ಆದರೆ ಬಿಲ್ಲಿನಲ್ಲಿಯೋ ಪ್ರವಾಸದ ವಿವರಪಟ್ಟಿಯಲ್ಲಿಯೋ ಹೋಟೆಲಿನ ಹೆಸರು ಬರೆದಿರಬೇಕು, ಅಲ್ಲಿದ್ದಾಗಲೇ ಏಜೆಂಟಿಗೆ ವಾಟ್ಸ್ಯಾಪಿನಲ್ಲೋ ಇಮೇಲಿನಲ್ಲೋ ಆಕ್ಷೇಪ ತಿಳಿಸಿರಬೇಕು, ಮತ್ತು ಬಳಸಿಕೊಂಡ ಭಾಗ ಬಿಟ್ಟು ಉಳಿದದ್ದಕ್ಕಷ್ಟೇ ಹಣ ಕೇಳಬೇಕು. “ಅದೇ ದರ್ಜೆಯ ಬೇರೆ ಹೋಟೆಲ್” ಎಂಬ ಸಾಲು ಬಹುತೇಕ ಎಲ್ಲ ಪ್ಯಾಕೇಜಿನ ಕೆಳಗೂ ಸಣ್ಣ ಅಕ್ಷರದಲ್ಲಿರುತ್ತದೆ. ತಕರಾರು ಸೋಲುವುದು ಹೆಚ್ಚಾಗಿ ಅದರಿಂದಲೇ. ಇನ್ನು ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ನೀವೇ ಪ್ರವಾಸ ರದ್ದು ಮಾಡಿದರೆ ಚಾರ್ಜ್‌ಬ್ಯಾಕ್ ನೆರವಿಗೆ ಬರುವುದಿಲ್ಲ. ಸಹಿ ಹಾಕಿದ ರದ್ದತಿ ಷರತ್ತು ಏನು ಹೇಳುತ್ತದೋ ಅಷ್ಟೇ. ಆ ಅಪಾಯಕ್ಕೆ ಇರುವುದು ಪ್ರವಾಸ ವಿಮೆ, ಅದೂ ಷರತ್ತುಗಳೊಡನೆ. ಏಜೆಂಟ್ ದಿವಾಳಿಯಾದರೆ ಸಾಮಾನ್ಯ ಪ್ರವಾಸ ವಿಮೆ ಹಣ ಕೊಡುತ್ತದೆಂದು ಓದಿನೋಡದೆ ನಂಬಬಾರದು. ಕಾರ್ಡಿನ ಜೊತೆಗೆ ಉಚಿತವಾಗಿ ಬರುವ ವಿಮೆ ಹೆಚ್ಚಾಗಿ ಕಳೆದುಹೋದ ಲಗೇಜು, ಅಪಘಾತ ಇಂಥವಕ್ಕೇ ಸೀಮಿತ.

ಯಂತ್ರದ ಹೆಸರಿನ ವಿಷಯಕ್ಕೆ ಬರೋಣ. ಸ್ವೈಪಾದ ಕೂಡಲೇ ಬರುವ ಎಸ್‌ಎಂಎಸ್‌ನಲ್ಲಿ ವ್ಯಾಪಾರಿಯ ಹೆಸರಿರುತ್ತದೆ. ಪ್ಯಾಕೇಜ್ ಮಾರಿದ ಟ್ರಾವೆಲ್ಸಿನ ಹೆಸರಿನ ಬದಲು ಅಲ್ಲಿ ಏಜೆಂಟನ ಭಾವಮೈದುನನ ಮೊಬೈಲ್ ಅಂಗಡಿಯ ಹೆಸರು ಕಂಡರೆ, ತಕರಾರಿನ ಬುಡವೇ ಅಲುಗಾಡುತ್ತದೆ: ದಾಖಲೆಯ ಪ್ರಕಾರ ನೀವು ಹಣ ಕೊಟ್ಟದ್ದು ಮೊಬೈಲ್ ಅಂಗಡಿಗೆ, ಪ್ರವಾಸ ಕೊಡಬೇಕಾದವರು ಇನ್ನೊಬ್ಬರು. ಬ್ರಿಟನ್ನಿನ 75ನೇ ಕಲಮು ಕೂಡ ಇದೇ ಕಲ್ಲಿಗೆ ಎಡವುತ್ತದೆ. ಹಣ ಪಡೆದವನೂ ಸೇವೆ ಕೊಡಬೇಕಾದವನೂ ಬೇರೆಯಾದರೆ ಅಲ್ಲಿಯೂ ಬ್ಯಾಂಕುಗಳು ಹೊಣೆ ನಿರಾಕರಿಸುವುದುಂಟು. ಏಜೆಂಟ್ ಕೇವಲ ದಲ್ಲಾಳಿಯಾಗಿದ್ದು ಪ್ಯಾಕೇಜ್ ನಡೆಸುವುದು ದೊಡ್ಡ ಕಂಪನಿಯಾಗಿದ್ದರೆ, ಆ ಕಂಪನಿಯ ಪಾವತಿ ಲಿಂಕನ್ನೇ ತರಿಸಿಕೊಂಡು ನೇರವಾಗಿ ಕಟ್ಟುವುದು ಮೇಲು. ಹೆಚ್ಚಿನ ಏಜೆಂಟರು ಇದಕ್ಕೆ ಒಪ್ಪುತ್ತಾರೆ. ಅವರ ಕಮಿಷನ್ನಿಗೆ ಇದರಿಂದ ಕುಂದಿಲ್ಲ.

ಚಾರ್ಜ್‌ಬ್ಯಾಕ್ ಕೇಳಿದ ನಂತರ ಕೆಲವು ಬ್ಯಾಂಕುಗಳು ತಾತ್ಕಾಲಿಕವಾಗಿ ಹಣ ಜಮಾ ಮಾಡುತ್ತವೆ. ಆಗ ಗೆದ್ದೆವೆಂದು ಭಾವಿಸಬಾರದು. ವ್ಯಾಪಾರಿ ತನ್ನ ದಾಖಲೆ ಕೊಟ್ಟು ಎದುರುವಾದ ಮಾಡಬಹುದು, ಅದು ಗೆದ್ದರೆ ಜಮಾ ಹಿಂತಿರುಗಿ ಹೋಗುತ್ತದೆ. ಏಜೆಂಟ್ ಕೊಡುವ “ಮುಂದಿನ ವರ್ಷ ಬಳಸಿಕೊಳ್ಳಿ” ಎಂಬ ಕ್ರೆಡಿಟ್ ನೋಟನ್ನು ಒಪ್ಪಿಕೊಂಡರೆ ತಕರಾರು ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಹಣದ ಬದಲು ಇನ್ನೊಂದನ್ನು ನೀವು ಸ್ವೀಕರಿಸಿದ್ದೀರಿ. ಕೋವಿಡ್ ಕಾಲದ ವಿಮಾನ ಟಿಕೆಟ್ಟುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಕೊಟ್ಟ ಆದೇಶದಲ್ಲಿ, ಸಂಕಷ್ಟದಲ್ಲಿದ್ದ ವಿಮಾನ ಸಂಸ್ಥೆಗಳು ಕ್ರೆಡಿಟ್ ನೀಡುವುದಾದರೆ ಅದರ ಬೆಲೆ ತಿಂಗಳು ತಿಂಗಳು ಏರಬೇಕು, 2021ರ ಮಾರ್ಚ್ 31ರವರೆಗೆ ಬಳಸದೆ ಉಳಿದರೆ ಹಣವನ್ನೇ ಮರಳಿಸಬೇಕು ಎಂದಿತ್ತು. ಅದು ಲಾಕ್‌ಡೌನ್‌ಗೆ ಸಂಬಂಧಿಸಿದ ವಿಶೇಷ ಆದೇಶ. ನಿಮ್ಮ ಏಜೆಂಟನ ಲೆಟರ್‌ಹೆಡ್ಡಿನ ಮೇಲಿನ ಕ್ರೆಡಿಟ್ ನೋಟಿಗೆ ಅಂಥ ಬೆನ್ನೆಲುಬಿಲ್ಲ.

ಪ್ಯಾಕೇಜ್ ಹಣವನ್ನು ಇಎಂಐಗೆ ಬದಲಿಸಿಕೊಂಡಿದ್ದರೆ ಅದು ಬ್ಯಾಂಕಿನ ಬೇರೆಯೇ ಸಾಲ. ಪ್ರವಾಸ ರದ್ದಾಗಿ ಹಣ ಕಾರ್ಡಿಗೆ ಮರಳಿದರೂ ಕಂತು ತಾನಾಗಿ ನಿಲ್ಲುತ್ತದೆಂದು ಎಣಿಸದೆ, ಇಎಂಐ ಮುಚ್ಚಬೇಕೆಂದು ಪ್ರತ್ಯೇಕವಾಗಿ ಬರೆದುಕೊಡಬೇಕು. ತಕರಾರಿದೆಯೆಂದು ಇಡೀ ತಿಂಗಳ ಬಿಲ್ಲನ್ನೇ ಕಟ್ಟದೆ ಬಿಡುವುದು ಇನ್ನೊಂದು ದುಬಾರಿ ತಪ್ಪು; ಅನೇಕ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ. 3ರ ಮೇಲಿದೆ. ಬಿಲ್ಲಿನ ತಕರಾರಿಗೆ ಬ್ಯಾಂಕ್ 30 ದಿನಗಳೊಳಗೆ ವಿವರಣೆಯನ್ನೂ ಅಗತ್ಯವಿದ್ದರೆ ದಾಖಲೆಯನ್ನೂ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನ ಹೇಳುತ್ತದೆ. ಆ ಅವಧಿಯಲ್ಲಿ ಉಳಿದ ಖರ್ಚಿನ ಹಣವನ್ನು ಕಟ್ಟುತ್ತ, ತಕರಾರಿನ ಮೊತ್ತದ ಬಡ್ಡಿಯ ಬಗ್ಗೆ ಬ್ಯಾಂಕಿನಿಂದ ಬರಹದಲ್ಲಿ ಉತ್ತರ ಪಡೆಯುವುದು ಕ್ಷೇಮ.

ಬ್ಯಾಂಕ್ ಕಾರಣ ಹೇಳದೆ ತಕರಾರನ್ನು ತಳ್ಳಿಹಾಕಿದರೆ ಅಥವಾ 30 ದಿನವಾದರೂ ಉತ್ತರಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, 14448 ಸಹಾಯವಾಣಿಯಲ್ಲಿ ವಿಧಾನ ತಿಳಿಸುತ್ತಾರೆ. ಆದರೆ ಒಂಬುಡ್ಸ್‌ಮನ್ ನೋಡುವುದು ಬ್ಯಾಂಕ್ ತನ್ನ ಕೆಲಸ ಸರಿಯಾಗಿ ಮಾಡಿತೇ ಎಂಬುದನ್ನು: ಗಡುವಿನೊಳಗೆ ಬಂದ ತಕರಾರನ್ನು ಜಾಲಕ್ಕೆ ಕಳುಹಿಸದೆ ಕೂತಿತೇ, ಪ್ರಯಾಣದ ದಿನದಿಂದ ಎಣಿಸಬೇಕಿದ್ದ ಗಡುವನ್ನು ಹಣ ಕಟ್ಟಿದ ದಿನದಿಂದ ಎಣಿಸಿತೇ ಎಂಬಂಥ ಪ್ರಶ್ನೆಗಳು. ಟೂರ್ ಕಂಪನಿಯ ಮೇಲೆ ಅದಕ್ಕೆ ಯಾವ ಅಧಿಕಾರವೂ ಇಲ್ಲ.

ಕಂಪನಿಯನ್ನೇ ಹಿಡಿಯಬೇಕಾದರೆ, ನಮ್ಮ ಉದಾಹರಣೆಯ ದಂಪತಿಯ ಯುಪಿಐ 40,000 ರೂಪಾಯಿಯಂತೆ ಕಾರ್ಡಿನ ಕಾವಲಿನಿಂದ ಹೊರಗುಳಿದ ಹಣವನ್ನು ಕೇಳಬೇಕಾದರೆ, ಇರುವ ಜಾಗ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. 1986ರ ಹಳೆಯ ಕಾಯ್ದೆಯಲ್ಲಿ ಕಂಪನಿ ಇರುವ ಊರಿಗೋ ವ್ಯವಹಾರ ನಡೆದ ಊರಿಗೋ ಹೋಗಿ ದೂರು ಹೂಡಬೇಕಿತ್ತು. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಕಾಯ್ದೆಯಲ್ಲಿ ದೂರುದಾರ ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಏಜೆಂಟ್ ಮೈಸೂರಿನವನಾಗಿರಲಿ, ಟೂರ್ ಕಂಪನಿ ಮುಂಬಯಿಯದಾಗಿರಲಿ, ಈ ದಂಪತಿ ಮಂಡ್ಯದ ಆಯೋಗದಲ್ಲೇ ಕೇಳಬಹುದು. ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವಿಲ್ಲ. ಏಜೆಂಟ್ ಮತ್ತು ಟೂರ್ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡುವುದು ಒಳ್ಳೆಯದು, ಇಲ್ಲವಾದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ತಕರಾರನ್ನು ನಿರ್ವಹಿಸುವಲ್ಲಿ ಬ್ಯಾಂಕಿನ ಲೋಪವಿದ್ದರೆ ಅದನ್ನೂ ಸೇರಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶವಿದೆ. ಆಯೋಗ ಮೊದಲು ಕೇಳುವುದು ಬಿಲ್ಲನ್ನು, ಪ್ರವಾಸದ ವಿವರಪಟ್ಟಿಯನ್ನು ಮತ್ತು ಹಣ ಯಾರ ಖಾತೆಗೆ ಹೋಯಿತೆಂಬ ದಾಖಲೆಯನ್ನು. ಯುಪಿಐ ಮಾಡಿದ್ದರ ಸ್ಕ್ರೀನ್‌ಶಾಟ್ ಫೋನಿನಲ್ಲಿದ್ದರೂ ಸಾಲದು; ಬ್ಯಾಂಕಿನ ಪಾಸ್‌ಬುಕ್ಕಿನಲ್ಲೋ ಸ್ಟೇಟ್‌ಮೆಂಟಿನಲ್ಲೋ ಆ ಸಾಲು ಇರುವ ಪುಟದ ಪ್ರತಿಯನ್ನು ದೂರಿನ ಜೊತೆ ಲಗತ್ತಿಸಬೇಕು.